ಕೋಲ್4ಎ3 ಇಲ್ಲದ ಇಲಿ: ತಳಿ ಯಾವುದೆಂದು ಮೊದಲು ಕೇಳಿ

ಕೋಲ್4ಎ3 ಎಂಬ ಒಂದೇ ಜೀನ್, ಒಂದೇ ಕೊರತೆ. 129 ತಳಿಯ ಇಲಿಯಲ್ಲಿ ಮೂತ್ರಪಿಂಡ ಸರಾಸರಿ 66 ದಿನಕ್ಕೆ ಕೈಕೊಡುತ್ತದೆ. ಸಿ57ಬಿಎಲ್/6 ತಳಿಯಲ್ಲಿ ಸುಮಾರು 194 ದಿನ ತಾಳುತ್ತದೆ. ಕೋಲ್4ಎ3 ಬಗ್ಗೆ ಯಾವ ಫಲಿತಾಂಶ ಓದಿದರೂ ತಳಿಯ ಹೆಸರನ್ನು ಮೊದಲು ಹುಡುಕಬೇಕು. ತಳಿ ಗೊತ್ತಿಲ್ಲದೆ ದಿನಗಳ ಲೆಕ್ಕಕ್ಕೆ ಅರ್ಥವಿಲ್ಲ.

ಈ ಜೀನ್ ತಯಾರಿಸುವುದು ನಾಲ್ಕನೇ ಬಗೆಯ ಕೊಲಾಜೆನ್‌ನ ಆಲ್ಫಾ-3 ಎಳೆಯನ್ನು. ಎಳೆಯ ಬಹುಭಾಗದಲ್ಲಿ ಪ್ರತಿ ಮೂರನೇ ಅಮೈನೋ ಆಮ್ಲ ಗ್ಲೈಸಿನ್. ಕೊನೆಯಲ್ಲಿ ಎನ್‌ಸಿ1 ಎಂಬ, ಸುಮಾರು 230 ಅಮೈನೋ ಆಮ್ಲಗಳ ಗುಂಡು ಭಾಗವಿದೆ. ಜೊತೆಗಾರರನ್ನು ಗುರುತಿಸುವುದು ಇದೇ. ಆಲ್ಫಾ-3, ಆಲ್ಫಾ-4, ಆಲ್ಫಾ-5 ಎಳೆಗಳು ಇಲ್ಲಿ ಕೂಡಿಕೊಂಡ ಮೇಲೆ ಹಗ್ಗದ ಹಾಗೆ ಹೊಸೆದುಕೊಳ್ಳುತ್ತವೆ. ಮೂತ್ರಪಿಂಡದಲ್ಲಿ ರಕ್ತ ಸೋಸುವ ಸಣ್ಣ ರಕ್ತನಾಳಗಳ ಉಂಡೆಯೇ ಗ್ಲೊಮೆರುಲಸ್; ಅಲ್ಲಿ ಮೂರನ್ನೂ ತಯಾರಿಸುವುದು ಆ ನಾಳಗಳನ್ನು ಹೊರಗಿನಿಂದ ಆವರಿಸಿರುವ ಪೋಡೋಸೈಟ್ ಕೋಶ. ಮೂರರಲ್ಲಿ ಒಂದು ಇಲ್ಲದಿದ್ದರೂ ಉಳಿದೆರಡು ಕೋಶದೊಳಗೇ ನಾಶವಾಗುತ್ತವೆ. ಹಾಗಾಗಿ ಗ್ಲೊಮೆರುಲಸ್‌ನ ಪೊರೆಯಲ್ಲಿ ಆಲ್ಫಾ-3 ಕಾಣಲಿಲ್ಲ ಎಂದ ಮಾತ್ರಕ್ಕೆ ಕೆಟ್ಟಿರುವುದು ಕೋಲ್4ಎ3 ಎಂದು ಹೇಳಲಾಗದು. ಗ್ಲೊಮೆರುಲಸ್ ಸುತ್ತಲಿನ ಬೌಮನ್ ಕೋಶಕದ ಪೊರೆಯನ್ನೂ ನೋಡಿ: ಅಲ್ಲಿ ಆಲ್ಫಾ-5 ಎಳೆ ಆಲ್ಫಾ-6ರ ಜೊತೆ ಇರುತ್ತದೆ, ಕೋಲ್4ಎ3 ಇಲ್ಲದಿದ್ದರೂ ಉಳಿಯುತ್ತದೆ. ಅಲ್ಲೂ ಮಾಯವಾಗಿದ್ದರೆ ಆಲ್ಫಾ-5 ತಯಾರಿಸುವ, ಎಕ್ಸ್ ಕ್ರೋಮೋಸೋಮಿನ ಕೋಲ್4ಎ5 ಜೀನ್ ಮೇಲೆ ಅನುಮಾನ ಪಡಬೇಕು.

ಮರಿ ಹುಟ್ಟುವಾಗ ಆರೋಗ್ಯವಾಗಿಯೇ ಇರುತ್ತದೆ. ಇನ್ನೂ ಬಲಿಯದ ಗ್ಲೊಮೆರುಲಸ್ ಪೊರೆಯಲ್ಲಿ ಇರುವುದು ಆಲ್ಫಾ-1 ಮತ್ತು ಆಲ್ಫಾ-2ರ ಜಾಲ. ಬೆಳೆದಂತೆ ಅದರ ಜಾಗಕ್ಕೆ 3-4-5ರ ಜಾಲ ಬರಬೇಕು. ಇದರಲ್ಲಿ ಡೈಸಲ್ಫೈಡ್ ಕೊಂಡಿಗಳು ಹೆಚ್ಚು, ಪ್ರೋಟೀನ್ ಕತ್ತರಿಸುವ ಪ್ರೋಟಿಯೇಸ್ ಕಿಣ್ವಗಳಿಗೆ ಸುಲಭವಾಗಿ ಬಗ್ಗುವುದಿಲ್ಲ. ಅದು ಬರದಿದ್ದಾಗ ಮರಿಯ ಕಾಲದ ಜಾಲವೇ ರಕ್ತದ ಒತ್ತಡ ಹೊರಬೇಕಾಗುತ್ತದೆ. ಪೊರೆ ಕೆಲವೆಡೆ ತೆಳುವಾಗಿ, ಕೆಲವೆಡೆ ದಪ್ಪವಾಗಿ ಪದರಪದರವಾಗಿ ಸೀಳುತ್ತದೆ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಅದು ಬುಟ್ಟಿಯ ಹೆಣಿಗೆಯಂತೆ ಕಾಣುತ್ತದೆ. ಸಿ57ಬಿಎಲ್/6 ಇಲಿಯಲ್ಲಿ ಆಲ್ಫಾ-5 ಮತ್ತು 6ರ ಜಾಲ ಗ್ಲೊಮೆರುಲಸ್ ಪೊರೆಗೂ ಬಂದು ಸೇರುತ್ತದೆ. ಅದರ ಹೆಚ್ಚಿನ ಆಯಸ್ಸಿಗೂ ಇದಕ್ಕೂ ನಂಟಿದೆ.

ತಳಿಯ ವಿಷಯ ಎಷ್ಟು ಮುಖ್ಯ ಎಂಬುದಕ್ಕೆ ರಕ್ತದೊತ್ತಡ ಇಳಿಸುವ ಔಷಧವಾದ ರಾಮಿಪ್ರಿಲ್‌ನ ಪ್ರಯೋಗ ನೋಡಿ. 129 ಹಿನ್ನೆಲೆಯ ಇಲಿಗಳಿಗೆ ನಾಲ್ಕನೇ ವಾರದಿಂದಲೇ ಔಷಧ ಕೊಟ್ಟಾಗ ಆಯಸ್ಸು ಸುಮಾರು 71 ದಿನದಿಂದ 150ಕ್ಕೆ ಏರಿತು. ತಡವಾಗಿ ಶುರು ಮಾಡಿದಾಗ ಆ ಲಾಭ ಸಿಗಲಿಲ್ಲ. ಇನ್ನು, ಎರಡು ತಳಿ ಬೆರೆತ ಗುಂಪಿನಲ್ಲಿ ಇದೇ ಪರೀಕ್ಷೆ ಮಾಡಿದರೆ 150 ದಿನ ಬದುಕಿದ ಇಲಿಯನ್ನು ಉಳಿಸಿದ್ದು ಔಷಧವೋ ತಳಿಯೋ ಎಂದು ಹೇಳಲು ಬರುವುದಿಲ್ಲ. ಒಂದೇ ತಳಿಗೆ ಕನಿಷ್ಠ ಹತ್ತು ತಲೆಮಾರು ಹಿಂಸಂಕರಣ (ಮರಿಗಳನ್ನು ಮತ್ತೆ ಮತ್ತೆ ಅದೇ ತಳಿಯೊಂದಿಗೆ ಕೂಡಿಸುವುದು) ಮಾಡಿ, ಅದೇ ಸೂಲಿನ ಒಡಹುಟ್ಟುಗಳನ್ನು ಹೋಲಿಕೆಗೆ ಇಡಿ. ಜೀನಿನ ಎರಡು ಪ್ರತಿಗಳಲ್ಲಿ ಒಂದು ಮಾತ್ರ ಕೆಟ್ಟಿರುವ ಇಲಿಯನ್ನು ‘ಆರೋಗ್ಯವಂತ’ ಎಂದು ಲೆಕ್ಕಕ್ಕೆ ಹಿಡಿಯಬೇಡಿ. ಅದರ ಪೊರೆಯೂ ತೆಳುವಾಗುತ್ತದೆ.

ಈ ಎಳೆಗಳನ್ನು ನೋಡಲು ಮೂತ್ರಪಿಂಡದ ಸೀಳಿಗೆ ಪ್ರತಿಕಾಯದಿಂದ ಬಣ್ಣ ಹಾಕುವಾಗ ಆಗುವ ತಪ್ಪು ಹೆಚ್ಚಾಗಿ ಒಂದೇ. ಎನ್‌ಸಿ1 ತುದಿಗಳು ಆರಾರಾಗಿ ಬಿಗಿದುಕೊಂಡಿರುವುದರಿಂದ ಅವುಗಳ ಮೇಲಿನ ಗುರುತು ಪ್ರತಿಕಾಯಕ್ಕೆ ಸಿಗುವುದಿಲ್ಲ. ಹೆಪ್ಪುಗಟ್ಟಿಸಿದ ತೆಳು ಸೀಳನ್ನು ಅಸಿಟೋನಿನಲ್ಲಿ ಹತ್ತು ನಿಮಿಷ ಇಟ್ಟು, ಆಮೇಲೆ 6 ಮೋಲಾರ್ ಯೂರಿಯಾ ಮತ್ತು 0.1 ಮೋಲಾರ್ ಗ್ಲೈಸಿನ್ ಇರುವ, ಪಿಎಚ್ 3.5ರ ದ್ರಾವಣದಲ್ಲಿ ಹತ್ತು ನಿಮಿಷ ಇಟ್ಟು ಚೆನ್ನಾಗಿ ತೊಳೆಯಬೇಕು. ಇದನ್ನು ಬಿಟ್ಟರೆ ಸರಿಯಾದ ಇಲಿಯೂ ನಾಕೌಟ್‌ನಂತೆಯೇ, ಅಂದರೆ ಜೀನ್ ತೆಗೆದ ಇಲಿಯಂತೆಯೇ, ಕಾಣುತ್ತದೆ! ಅದಕ್ಕೇ ಪ್ರತಿ ಸ್ಲೈಡಿನಲ್ಲೂ ಸಾಮಾನ್ಯ ಇಲಿಯ ಸೀಳೊಂದು ಪಕ್ಕದಲ್ಲೇ ಇರಲಿ. ಇಲಿಯಿಂದಲೇ ತೆಗೆದ ಪ್ರತಿಕಾಯ ಬೇಡ: ಸೋರುವ ಗ್ಲೊಮೆರುಲಸ್‌ನಲ್ಲಿ ಇಲಿಯ ರಕ್ತದ ಸ್ವಂತ ಪ್ರತಿಕಾಯ (ಐಜಿಜಿ) ಸಿಕ್ಕಿಕೊಂಡು ಸುಳ್ಳು ಹೊಳಪು ಕೊಡುತ್ತದೆ.

ಮೂತ್ರದಲ್ಲಿ ಪ್ರೋಟೀನ್ ಇದೆಯೇ ಎಂದು ಅದ್ದಿ ನೋಡುವ ಡಿಪ್‌ಸ್ಟಿಕ್ ಕಡ್ಡಿ ಕೂಡ ಮೋಸ ಮಾಡುತ್ತದೆ. ಆರೋಗ್ಯವಂತ ಗಂಡು ಇಲಿಯ ಮೂತ್ರದಲ್ಲೂ ಪ್ರೋಟೀನ್ ಧಾರಾಳವಾಗಿರುತ್ತದೆ. ಪ್ರೋಟೀನ್‌ಗಳನ್ನು ತೂಕದ ಪ್ರಕಾರ ಬೇರ್ಪಡಿಸುವ ಜೆಲ್ ಮೇಲೆ ಓಡಿಸಿದರೆ 20 ಕಿಲೋಡಾಲ್ಟನ್ ಕೆಳಗೆ ಬರುವ ದಪ್ಪ ಪಟ್ಟಿ ಆ ಸಹಜ ಪ್ರೋಟೀನಿನದು. ರೋಗ ಹೇಳುವುದು 66ರ ಹತ್ತಿರ ಬರುವ ಆಲ್ಬುಮಿನ್.

ಮನುಷ್ಯರಲ್ಲಿ ಎರಡೂ ಪ್ರತಿ ಕೆಟ್ಟರೆ ಆಲ್ಪೋರ್ಟ್ ಸಿಂಡ್ರೋಮ್: ಮೂತ್ರದಲ್ಲಿ ರಕ್ತ, ಕ್ರಮೇಣ ಮೂತ್ರಪಿಂಡ ವೈಫಲ್ಯ, ಕಿವುಡು, ಕಣ್ಣಿನ ಮಸೂರದ ಉಬ್ಬು. ಒಂದೇ ಪ್ರತಿ ಕೆಟ್ಟಿದ್ದರೆ ಹಲವರಲ್ಲಿ ಬರೀ ತೆಳು ಪೊರೆ, ಕೆಲವರಲ್ಲಿ ಮುಂದೆ ವೈಫಲ್ಯವೂ ಉಂಟು. ಗುಡ್‌ಪಾಸ್ಚರ್ ಕಾಯಿಲೆಯಲ್ಲಿ ಜೀನ್ ಸರಿಯಾಗಿಯೇ ಇರುತ್ತದೆ. ಅಲ್ಲಿ ದೇಹದ ಪ್ರತಿಕಾಯಗಳು ಹಿಡಿಯುವುದು ಇದೇ ಆಲ್ಫಾ-3ರ ಎನ್‌ಸಿ1 ತುದಿಯನ್ನು, ಅದೂ ಆರರ ಬಿಗಿ ಗಂಟಿನೊಳಗೆ ಅಡಗಿದ್ದ ಭಾಗವನ್ನು.