ಮೆಟ್ಟುಗತ್ತಿ ಹೊತ್ತು ಘಟ್ಟ ಇಳಿದದ್ದು

2008ರ ಜೂನ್. ಮಳೆ ಹಿಡಿದಿತ್ತು. ಟಿ.ಸಿ. ತಗೊಳ್ಳೋಕೆ ಅಂತ ತೀರ್ಥಹಳ್ಳಿಗೆ, ನಮ್ಮ ಕಾಲೇಜಿಗೆ ಬಂದಿದ್ದೆ. ಲ್ಯಾಬಿನ ಬಾಗಿಲಲ್ಲಿ ಬಾಟನಿ ಮೇಡಂ ಸಿಕ್ಕರು. ಮೆಡಿಕಲ್ ಸೀಟು ಸಿಗುವಷ್ಟು ರ‍್ಯಾಂಕ್ ಬಂದಿಲ್ಲ, ಮಣಿಪಾಲದಲ್ಲಿ ಆಕ್ಯುಪೇಷನಲ್ ಥೆರಪಿಗೆ ಸೇರುತ್ತಿದ್ದೇನೆ ಅಂದೆ. ಹಾಗಂದರೇನು ಅಂತ ಕೇಳಿದರು. ನನಗೂ ಸರಿಯಾಗಿ ಗೊತ್ತಿರಲಿಲ್ಲ. "ಕಾಯಿಲೆ ಬಿದ್ದವರು ಮತ್ತೆ ತಮ್ಮ ಕೆಲಸ ತಾವೇ ಮಾಡಿಕೊಳ್ಳೋ ಹಾಗೆ ಮಾಡೋದಂತೆ ಮೇಡಂ" ಅಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ನೋಡೋದನ್ನ ಬಿಡಬೇಡ" ಅಂದರು.

ಅವರ ಲ್ಯಾಬಿನಲ್ಲಿ ಕೂತವರಿಗೆ ಈ ಮಾತು ಅರ್ಥವಾಗುತ್ತದೆ. ಫಸ್ಟ್ ಪಿಯುಸಿಯಲ್ಲಿ ಈರುಳ್ಳಿ ಸಿಪ್ಪೆಯ ಚಿತ್ರವನ್ನು ನಾನು ಬಹಳ ಚೆಂದ ಬರೆದಿದ್ದೆ. ಇಟ್ಟಿಗೆ ಜೋಡಿಸಿದ ಹಾಗೆ ಕೋಶಗಳು, ಒಂದೊಂದರಲ್ಲೂ ಒಂದು ಚುಕ್ಕಿ. ಮೇಡಂ ನನ್ನ ಮೈಕ್ರೋಸ್ಕೋಪಿನಲ್ಲಿ ಇಣುಕಿ ನೋಡಿ, ಕೆಂಪು ಪೆನ್ನಿನಿಂದ ಅಡ್ಡಗೆರೆ ಎಳೆದರು. "ಇದು ಪುಸ್ತಕದ ಈರುಳ್ಳಿ. ನಿನ್ನ ಸ್ಲೈಡಿನಲ್ಲಿ ಕಂಡದ್ದನ್ನ ಬರಿ." ನನ್ನ ಸ್ಲೈಡಿನಲ್ಲಿ ಒಂದು ಗಾಳಿಗುಳ್ಳೆ ಇತ್ತು, ಸಿಪ್ಪೆಯ ಅಂಚು ಮಡಚಿಕೊಂಡಿತ್ತು. ಅದನ್ನೇ ಬರೆದೆ. ಸಹಿ ಹಾಕಿದರು. ಆ ರೆಕಾರ್ಡ್ ಪುಸ್ತಕ ಈಗಲೂ ನನ್ನ ಹತ್ತಿರ ಇದೆ.

ಇದು ಯಾವುದೋ ಹೊಸ ಕೋರ್ಸು ಅಂತ ಅಪ್ಪನಿಗೆ ಅನುಮಾನವಿತ್ತು. ಅಮೆರಿಕದಲ್ಲಿ ಹುಟ್ಟಿ, ಭಾರತೀಯರನ್ನು ಮದುವೆಯಾಗಿ ಇಲ್ಲೇ ನೆಲೆಸಿದ ಕಮಲಾ ನಿಂಬ್ಕರ್ 1950ರಲ್ಲೇ ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ಇದನ್ನು ಕಲಿಸಲು ಶುರುಮಾಡಿದ್ದರು ಅಂತ ಮೊದಲ ವಾರದ ಪಾಠದಲ್ಲಿ ತಿಳಿಯಿತು. ಅಂದು ಸಂಜೆಯೇ ಮನೆಗೆ ಫೋನ್ ಮಾಡಿ ಹೇಳಿದೆ. "ಹಾಗಾದ್ರೆ ನನಗಿಂತ ಹಳೇದು ಬಿಡು" ಅಂತ ಅಪ್ಪ ಸಮಾಧಾನಪಟ್ಟರು. ಹೆಸರಿನ ಗೊಂದಲ ಮಾತ್ರ ಇವತ್ತಿಗೂ ಇದೆ. 'ಔದ್ಯೋಗಿಕ ಚಿಕಿತ್ಸೆ' ಅಂದರೆ ಉದ್ಯೋಗ ಕೊಡಿಸುವುದು ಅಂದುಕೊಳ್ಳುತ್ತಾರೆ. ಇಲ್ಲಿ ಉದ್ಯೋಗ ಅಂದರೆ ಸಂಬಳದ ಕೆಲಸ ಒಂದೇ ಅಲ್ಲ. ಹಲ್ಲುಜ್ಜುವುದು, ಸೀರೆ ಉಡುವುದು, ಹಂಡೆಯ ಒಲೆಗೆ ಬೆಂಕಿ ಹಾಕುವುದು, ಮೊಮ್ಮಗುವನ್ನು ಎತ್ತಿಕೊಳ್ಳುವುದು, ಹೀಗೆ ಒಬ್ಬರ ದಿನವನ್ನು ತುಂಬುವ ಎಲ್ಲವೂ ಅದರೊಳಗೆ ಬರುತ್ತದೆ.

ನಾಲ್ಕು ವರ್ಷ ಪಾಠ, ಆಮೇಲೆ ಆರು ತಿಂಗಳು ಇಂಟರ್ನ್‌ಶಿಪ್. ಮೊದಲ ವರ್ಷ ಅನಾಟಮಿ, ಫಿಸಿಯಾಲಜಿ. ಅದರಲ್ಲಿ ಹೇಳುವಂಥದ್ದು ಜಾಸ್ತಿ ಇಲ್ಲ, ಓದಿದೆ, ಪಾಸಾದೆ. ನನಗೆ ಕೋರ್ಸಿನ ರುಚಿ ಹತ್ತಿದ್ದು ಆ್ಯಕ್ಟಿವಿಟಿ ಅನಾಲಿಸಿಸ್ ಶುರುವಾದ ಮೇಲೆ. ಒಂದು ಕೆಲಸವನ್ನು ಬಿಡಿಸಿ ಬಿಡಿಸಿ ನೋಡುವುದು. ಕಾಫಿ ಮಾಡುವುದನ್ನು ಹೆಜ್ಜೆ ಹೆಜ್ಜೆಯಾಗಿ ಬರೆಯಿರಿ ಅಂದರು ಲೆಕ್ಚರರ್. ನಾನು ಒಂಬತ್ತು ಹೆಜ್ಜೆ ಬರೆದೆ. "ಲೈಟರ್ ಒತ್ತಿದ್ದು ಯಾವ ಬೆರಳು? ಆಗ ಇನ್ನೊಂದು ಕೈ ಎಲ್ಲಿತ್ತು? ಹಾಲು ಉಕ್ಕುತ್ತೆ ಅಂತ ಗೊತ್ತಾಗಿದ್ದು ಕಣ್ಣಿಂದಲೋ, ಶಬ್ದದಿಂದಲೋ?" ಅಂತ ಕೇಳುತ್ತಾ ಹೋದರು. ಒಂಬತ್ತು ಹೋಗಿ ನಲವತ್ತು ದಾಟಿತು.

ಮುಂದಿನ ಸಲ ನಮಗೆ ಗೊತ್ತಿರುವ ಒಂದು ಕೆಲಸ ಆರಿಸಿಕೊಳ್ಳಿ ಅಂದರು. ನಾನು ಅಡಿಕೆ ಸುಲಿಯುವುದು ಅಂದೆ. ಅದಕ್ಕೆ ಬಳಸುವ, ಮಣೆಗೆ ಕೂರಿಸಿದ ಮೆಟ್ಟುಗತ್ತಿಯನ್ನೇ ನಮ್ಮ ಲೆಕ್ಚರರ್ ನೋಡಿರಲಿಲ್ಲ. "ತಂದು ತೋರಿಸ್ತೀಯಾ?" ಅಂತ ಆಸೆಯಿಂದ ಕೇಳಿದರು. ದೀಪಾವಳಿಗೆ ಊರಿಗೆ ಬಂದವಳು, ಕತ್ತಿಯ ಬಾಯಿಗೆ ಬಟ್ಟೆ ಸುತ್ತಿ, ಮಣೆ ಸಮೇತ ಗೋಣಿಚೀಲದಲ್ಲಿ ಕಟ್ಟಿ, ಜೊತೆಗೆ ಎರಡು ಸೇರು ಹಸಿ ಅಡಿಕೆ ಇಟ್ಟುಕೊಂಡು ಆಗುಂಬೆ ಘಟ್ಟದ ಮಿನಿ ಬಸ್ಸು ಹತ್ತಿದೆ. ಹೆಬ್ರಿವರೆಗೂ ಆ ಚೀಲ ನನ್ನ ಕಾಲ ಮೇಲೇ ಇತ್ತು.

ಕ್ಲಾಸಿನಲ್ಲಿ ನೆಲದ ಮೇಲೆ ಕೂತು ಸುಲಿದು ತೋರಿಸಿದೆ. ಅಮ್ಮ, ಅತ್ತೆಯಂದಿರು ರಾತ್ರಿ ಹನ್ನೊಂದರವರೆಗೆ ಮಾತಾಡುತ್ತಾ ಮಾಡುವ ಕೆಲಸ. ಚಿಕ್ಕಂದಿನಿಂದ ಅದರ ಪಕ್ಕದಲ್ಲೇ ಕೂತು ಹೋಂವರ್ಕ್ ಮಾಡಿದ್ದೆ. ಆದರೆ ಅಮ್ಮನ ಹೆಬ್ಬೆರಳು ಕತ್ತಿಯ ಬಾಯಿಂದ ಎಷ್ಟು ಹತ್ತಿರದಲ್ಲಿ ನಿಲ್ಲುತ್ತದೆ ಅಂತ ಆವತ್ತಿನವರೆಗೆ ನಾನು ಗಮನಿಸಿರಲಿಲ್ಲ. ಸಿಪ್ಪೆಗೆ ಕತ್ತಿ ಕಚ್ಚಿದ್ದು ಕಣ್ಣಿಗೆ ಕಾಣುವ ಮೊದಲೇ ಬೆರಳಿಗೆ ಗೊತ್ತಾಗುತ್ತದೆ. ಒಂದು ಕೈ ಒತ್ತುತ್ತದೆ, ಇನ್ನೊಂದು ತಿರುಗಿಸುತ್ತದೆ. ಮಣೆ ಅಲುಗಾಡದ ಹಾಗೆ ಕಾಲು ಹಿಡಿದಿರುತ್ತದೆ. ಸೊಂಟ ಗಂಟೆಗಟ್ಟಲೆ ಬಾಗಿರುತ್ತದೆ. ಬೆರಳ ತುದಿಗೆ ಸ್ಪರ್ಶ ಇಲ್ಲದವರು ಈ ಕೆಲಸಕ್ಕೆ ಕೂರಲೇಬಾರದು. ಹನ್ನೊಂದು ಪುಟ ಬರೆದೆ. ಅದರಲ್ಲಿ ಪುಸ್ತಕದಿಂದ ತೆಗೆದದ್ದು ಒಂದು ಸಾಲೂ ಇರಲಿಲ್ಲ.

ಸ್ಪ್ಲಿಂಟ್, ಅಂದರೆ ಕೈಯನ್ನು ಸರಿಯಾದ ಭಂಗಿಯಲ್ಲಿ ಹಿಡಿದಿಡುವ ಪಟ್ಟಿ, ಮಾಡುವುದೂ ನನಗೆ ಬಹಳ ಇಷ್ಟವಾಗಿತ್ತು. ಪ್ಲಾಸ್ಟಿಕ್ ಹಾಳೆಯನ್ನು ಬಿಸಿನೀರಿನಲ್ಲಿ ಹಾಕಿದರೆ ಮೆತ್ತಗಾಗುತ್ತದೆ. ಆರುವುದರೊಳಗೆ ರೋಗಿಯ ಕೈಮೇಲೆ ಕೂರಿಸಬೇಕು. ಮಣಿಕಟ್ಟು ಸ್ವಲ್ಪ ಮೇಲಕ್ಕೆ, 20ರಿಂದ 30 ಡಿಗ್ರಿ. ಅಂಚು ಚುಚ್ಚಿದರೆ ಮನೆಗೆ ಹೋಗಿ ತೆಗೆದಿಟ್ಟುಬಿಡುತ್ತಾರೆ.

ಇಂಟರ್ನ್‌ಶಿಪ್ಪಿನಲ್ಲಿ ಅಡಿಕೆ ಮರದಿಂದ ಬಿದ್ದ ಒಬ್ಬರನ್ನು ನೋಡಿದೆ. ಕೊನೆ, ಅಂದರೆ ಅಡಿಕೆ ಗೊನೆ, ತೆಗೆಯುವವರು. ಕುತ್ತಿಗೆಯ ಆರನೇ ಮಟ್ಟದಲ್ಲಿ ಬೆನ್ನುಹುರಿಗೆ ಪೆಟ್ಟು. ಮಣಿಕಟ್ಟು ಎತ್ತಬಲ್ಲರು, ಬೆರಳು ಆಡುವುದಿಲ್ಲ. ಹೆಂಡತಿ ದಿನಾ ಎಣ್ಣೆ ಹಚ್ಚಿ, ಮಣಿಕಟ್ಟು ಹಿಂದಕ್ಕೆ ಬಾಗಿಸಿ, ಬೆರಳುಗಳನ್ನೂ ಪೂರ್ತಿ ಬಿಡಿಸಿ ಎಳೆಯುತ್ತಿದ್ದರು. ಪ್ರೀತಿಯಿಂದಲೇ ಮಾಡುತ್ತಿದ್ದರು. ಆದರೆ ಹಾಗೆ ಎರಡನ್ನೂ ಒಟ್ಟಿಗೆ ಎಳೆಯಬಾರದು. ನಿಮ್ಮ ಕೈ ಸಡಿಲ ಬಿಟ್ಟು ಮಣಿಕಟ್ಟನ್ನಷ್ಟೇ ಮೇಲೆತ್ತಿ ನೋಡಿ, ಬೆರಳು ತಾವಾಗಿಯೇ ಮಡಚಿಕೊಳ್ಳುತ್ತವೆ. ಬೆರಳು ಮಡಚುವ ಸ್ನಾಯುರಜ್ಜುಗಳು (ಸ್ನಾಯುವನ್ನು ಮೂಳೆಗೆ ಕಟ್ಟುವ ಹುರಿಗಳು) ಕೊಂಚ ಬಿಗಿಯಾಗಿದ್ದರೆ ಅಷ್ಟರಲ್ಲೇ ಒಂದು ಹಿಡಿತ ಸಿಗುತ್ತದೆ. ಎಳೆದು ಎಳೆದು ಸಡಿಲವಾದರೆ ಆ ಹಿಡಿತ ಹೋಯಿತು. ಇದನ್ನು ಆಕೆಗೆ ತೋರಿಸಿದೆವು. ಐದನೇ ವಾರ ಅವರು ಬೀಡಿಕಟ್ಟನ್ನು ಆ ಹಿಡಿತದಲ್ಲೇ ಎತ್ತಿದರು. ಬೀಡಿ ಬೇಡ ಅಂತ ಹೇಳುವ ಮನಸ್ಸು ಆವತ್ತು ಯಾರಿಗೂ ಬರಲಿಲ್ಲ. ಈಗ ನಮ್ಮ ಕಡೆ ಫೈಬರ್ ದೋಟಿ ಬಂದಿದೆ, ನೆಲದ ಮೇಲೆ ನಿಂತೇ ಕೊನೆ ಇಳಿಸುತ್ತಾರೆ. ಅದನ್ನು ನೋಡಿದಾಗಲೆಲ್ಲ ನನಗೆ ಸಂತೋಷವಾಗುತ್ತದೆ.

2013ರಲ್ಲಿ ಡಿಗ್ರಿ ಕೈಗೆ ಬಂತು. ಬೆಂಗಳೂರಿಗೆ ಹೋಗದೆ ಶಿವಮೊಗ್ಗಕ್ಕೆ ಬಂದೆ. ಈ ವೃತ್ತಿಗೆ ದೇಶಕ್ಕೆಲ್ಲ ಅನ್ವಯಿಸುವ ಒಂದು ಕಾನೂನು ಆದದ್ದು 2021ರಲ್ಲಿ. ಅಲ್ಲಿಯವರೆಗೆ ನಾವು ಯಾರು ಅಂತ ಪ್ರತಿಯೊಬ್ಬರಿಗೂ ನಾವೇ ವಿವರಿಸಬೇಕಿತ್ತು.

ಮೊದಲ ವರ್ಷ ಒಂದು ತಪ್ಪು ಮಾಡಿದೆ. ಹೊಸನಗರ ಕಡೆಯ ಒಬ್ಬ ಅಜ್ಜಿಗೆ ಎಡಭಾಗ ಲಕ್ವ ಹೊಡೆದಿತ್ತು. ಆಸ್ಪತ್ರೆಯ ನುಣುಪು ನೆಲದಲ್ಲಿ ಎಲ್ಲ ಕಲಿಸಿದೆ. ರವಿಕೆ ಹಾಕುವಾಗ ಬಲವಿಲ್ಲದ ಕೈ ಮೊದಲು, ಬಿಚ್ಚುವಾಗ ಅದೇ ಕೊನೆಗೆ. ಗಾಲಿಕುರ್ಚಿಯನ್ನೂ ನಾನೇ ಬರೆದುಕೊಟ್ಟೆ. ಬಾರ್ತೆಲ್ ಸೂಚಿ ಅಂತ ಒಂದು ಪಟ್ಟಿ ಇದೆ, ಹತ್ತು ಕೆಲಸ, ನೂರು ಅಂಕ. ಅವರಿಗೆ 70 ಕೊಟ್ಟು ಖುಷಿಯಿಂದ ಕಳಿಸಿದೆ. ಎರಡು ತಿಂಗಳಾದ ಮೇಲೆ ಆ ಕಡೆ ಹೋದಾಗ ಮನೆ ಹೊಕ್ಕೆ. ಹೊಸ್ತಿಲು ಮೊಣಕಾಲೆತ್ತರ. ನಡುಮನೆಯ ಬಾಗಿಲು ಕುರ್ಚಿಗಿಂತ ಕಿರಿದು. ಬಚ್ಚಲಿಗೆ ಅಂಗಳದಲ್ಲಿ ಮೂರು ಮೆಟ್ಟಿಲು ಇಳಿಯಬೇಕು, ಅದರ ಮೇಲೆಲ್ಲ ಪಾಚಿ. ಗಾಲಿಕುರ್ಚಿ ಜಗಲಿಯಲ್ಲಿ ಗೋಣಿಚೀಲ ಹೊದ್ದು ನಿಂತಿತ್ತು. ಅಜ್ಜಿ ಒಳಗಿನ ಕತ್ತಲೆ ಕೋಣೆಯಲ್ಲಿ ಮಲಗೇ ಇದ್ದರು. ನಾನು ಆ ಮನೆಯ ಬಗ್ಗೆ ಒಂದು ಪ್ರಶ್ನೆಯನ್ನೂ ಕೇಳಿರಲಿಲ್ಲ. ಅಂಥದ್ದೇ ಮನೆಯಲ್ಲಿ ಹುಟ್ಟಿ ಬೆಳೆದವಳು ನಾನು. ಆ ರಾತ್ರಿ ನಿದ್ದೆ ಬರಲಿಲ್ಲ.

ಮುಂದಿನ ಭಾನುವಾರ ಟೇಪು ಹಿಡಿದು ಮತ್ತೆ ಹೋದೆ. ಅವರ ಹಾಸಿಗೆಯನ್ನು ಜಗಲಿಗೆ ತಂದೆವು. ಮಗ ಅಡಿಕೆ ದಬ್ಬೆಗಳನ್ನು ಹೊಡೆದು ಬಚ್ಚಲವರೆಗೆ ಬಲಗೈ ಬದಿಗೆ ಕೈಹಿಡಿ ಮಾಡಿಕೊಟ್ಟರು. ಮೆಟ್ಟಿಲ ಪಾಚಿ ಕೆರೆದು, ಕಲ್ಲು ಇಟ್ಟು ಎತ್ತರ ಕಡಿಮೆ ಮಾಡಿದರು. "ಏನು ಮಾಡೋಕೆ ಆಸೆ ಅಜ್ಜಿ?" ಅಂದೆ. "ಸುಲಿಯೋಕೆ ಆಗಲ್ಲ ಅಂತ ಗೊತ್ತು ಮಗಾ, ಸುಮ್ನೆ ಅಡಿಕೆ ಹತ್ತಿರ ಕೂತಿದ್ರೆ ಸಾಕು" ಅಂದರು. ಎಡಗೈಗೆ ಸ್ಪರ್ಶವಿರಲಿಲ್ಲ, ಕತ್ತಿ ಬೇಡವೇ ಬೇಡ. ಆದರೆ ಆರಿಸಬಹುದಲ್ವಾ? ಒಣ ಅಡಿಕೆಯ ಮೊರವನ್ನು ಮುಂದಿಟ್ಟೆವು.

ಮಾರ್ಚಿನಲ್ಲಿ ಹೋದಾಗ ಸೊಸೆಯ ಪಕ್ಕ ಕೂತು ಆರಿಸುತ್ತಿದ್ದರು. ಇದ್ದಕ್ಕಿದ್ದ ಹಾಗೆ ಸೊಸೆಯ ರಾಶಿಯಿಂದ ಒಂದು ಅಡಿಕೆ ಹೆಕ್ಕಿ, "ಇದು ಗೊರಬಲು ಕಣೆ, ಇದರಲ್ಲಿ ಯಾಕೆ ಹಾಕಿದ್ದಿ?" ಅಂತ ಗದರಿದರು. ಗೊರಬಲು ಅಂದರೆ ಕೆಳದರ್ಜೆಯ ಅಡಿಕೆ. ಪಟ್ಟಿಯ ಹತ್ತು ಕೆಲಸದಲ್ಲಿ ಇದನ್ನು ಬರೆಯಲು ಜಾಗವಿರಲಿಲ್ಲ. ಹಾಳೆ ತಿರುಗಿಸಿ ಹಿಂಬದಿಯಲ್ಲಿ ಕಂಡದ್ದನ್ನು ಬರೆದುಕೊಂಡೆ: ಎಡಗೈ ಮೊರದ ಅಂಚನ್ನು ಒತ್ತಿ ಹಿಡಿದಿದೆ. ಬೆನ್ನು ನೆಟ್ಟಗಿದೆ. ನಲವತ್ತು ನಿಮಿಷ ಕೂತರು. ಸೊಸೆಯನ್ನು ಬೈದರು.