ಬಂಡೀಪುರದಲ್ಲಿ ಪ್ರಾಣಿ ಗುರುತಿಸೋಕೆ ಹೋಗುವವರಿಗೆ: ದುಡ್ಡು ಎಲ್ಲಿ ಹಾಕಬೇಕು, ಎಲ್ಲಿ ಬೇಡ

‘ಕಾಡಿನ ಸಸ್ತನಿಗಳನ್ನು ತಜ್ಞರ ಜೊತೆ ಗುರುತಿಸಿ’ ಅನ್ನೋದು ಪ್ಯಾಕೇಜಿನ ಹೆಸರು. ಬಂಡೀಪುರ ಕಾಡಿನ ಅಂಚಿನ ಒಂದು ಖಾಸಗಿ ರೆಸಾರ್ಟು. ಇಬ್ಬರಿಗೆ ಒಂದು ರಾತ್ರಿಗೆ 9,500 ರೂಪಾಯಿ. ನನಗಾಗಲಿ ನನ್ನ ಹೆಂಡತಿಗಾಗಲಿ ಹುಲಿ ಕಾಣಲೇಬೇಕು ಅನ್ನೋ ಹಟ ಇರಲಿಲ್ಲ. ಕಂಡ ಪ್ರಾಣಿ ಯಾವುದು, ಯಾವ ಬಳಗಕ್ಕೆ ಸೇರಿದ್ದು ಅಂತ ಸರಿಯಾಗಿ ತಿಳಿದರೆ ಸಾಕಿತ್ತು. ಆ ಒಂದು ಆಸೆಗೇ ಅಷ್ಟು ದುಡ್ಡು ಕೊಟ್ಟೆವು.

ಊಟದ ಹಾಲ್‌ನಲ್ಲಿ ದೊಡ್ಡದೊಂದು ಬೋರ್ಡು ಇತ್ತು. ಅದರಲ್ಲಿ ಕಾಡುಹಂದಿ, ಮುಳ್ಳುಹಂದಿ, ಚಿಪ್ಪುಹಂದಿ ಮೂರನ್ನೂ ಒಂದೇ ಗುಂಪಿನಲ್ಲಿ ಹಾಕಿ, ಮೇಲೆ ‘ಹಂದಿಗಳು’ ಅಂತ ಬರೆದಿದ್ದರು. ಮುಳ್ಳುಹಂದಿ ಇಲಿ, ಅಳಿಲುಗಳ ಬಳಗದ್ದು. ಅದರ ಬಾಚಿಹಲ್ಲು ಸಾಯೋವರೆಗೂ ಬೆಳೆಯುತ್ತಲೇ ಇರುತ್ತದೆ. ಚಿಪ್ಪುಹಂದಿಗೆ ಹಲ್ಲೇ ಇಲ್ಲ, ಉದ್ದ ನಾಲಿಗೆ ಚಾಚಿ ಇರುವೆ, ಗೆದ್ದಲು ನೆಕ್ಕಿ ತಿನ್ನುತ್ತದೆ. ಗೊರಸಿರುವ ನಿಜವಾದ ಹಂದಿ ಕಾಡುಹಂದಿ ಒಂದೇ. ಮಕ್ಕಳು ಆ ಬೋರ್ಡಿನ ಮುಂದೆ ನಿಂತು ನೋಟ್‌ಬುಕ್ಕಿಗೆ ಬರೆದುಕೊಳ್ಳುತ್ತಿದ್ದರು. ನನಗೆ ಸಂಕಟ ಆಗಿದ್ದು ಅದಕ್ಕೆ.

ಸಂಜೆ ಬೇಲಿಯ ಪಕ್ಕದಲ್ಲಿ ನಡೆಸಿಕೊಂಡು ಹೋದ ‘ತಜ್ಞ’, ಎದುರಿಗೆ ಓಡಿದ ಮುಂಗುಸಿಯನ್ನು ತೋರಿಸಿ ಕಾಡುಬೆಕ್ಕಿನ ಮರಿ ಅಂದರು. ಅದು ದಾರಿ ದಾಟಿ, ಹುತ್ತದ ಹತ್ತಿರ ನಿಂತು, ನಮ್ಮ ಕಡೆ ತಿರುಗಿ ನೋಡಿತ್ತು. ಚೂಪು ಮೂತಿ, ಗಿಡ್ಡ ಕಾಲು, ಕೆಂಗಂದು ಮೈ. ಬಾಲ ಕೆಳಗಿತ್ತು, ತುದಿ ಮಾತ್ರ ಮೇಲಕ್ಕೆ ಬಾಗಿತ್ತು. ಆ ತುದಿ ಮಸಿ ಬಳಿದಷ್ಟು ಕಪ್ಪು. ಕೆಂಪು ಮುಂಗುಸಿಯ ಗುರುತೇ ಅದು. ಊರ ಹತ್ತಿರ ಕಾಣುವ ಬೂದು ಮುಂಗುಸಿಗೆ ಬಾಲದ ತುದಿ ಕಪ್ಪಗಿರುವುದಿಲ್ಲ. ಇನ್ನೊಂದಿದೆ, ಪಟ್ಟೆ ಕತ್ತಿನ ಮುಂಗುಸಿ. ಇದಕ್ಕೂ ಬಾಲದ ತುದಿ ಕಪ್ಪೇ. ಆದರೆ ಮೈ ದಪ್ಪ, ಕಿವಿಯ ಹಿಂದಿನಿಂದ ಹೆಗಲವರೆಗೆ ಕಪ್ಪು ಗೆರೆ ಎಳೆದಿರುತ್ತದೆ. ಹಾಗಾಗಿ ಬಾಲ ನೋಡಿದ ಕೂಡಲೇ ಕತ್ತನ್ನೂ ನೋಡಿ. ಎರಡು ಸೆಕೆಂಡ್ ಸಿಕ್ಕರೂ ಸಾಕು.

ರಾತ್ರಿ ಹನ್ನೊಂದರವರೆಗೆ ಬೆಂಕಿಯ ಸುತ್ತ ಸ್ಪೀಕರ್ ಹಾಕಿ ಕುಣಿತ. ಕಾಡಿನ ಬೇಲಿಯಿಂದ ಒಂದು ಕೂಗಳತೆ ದೂರದಲ್ಲಿ! ಹೋಗಿ ಕೇಳಿದರೆ, ‘ಎಲ್ಲಾ ಗೆಸ್ಟ್‌ಗಳೂ ಇದನ್ನೇ ಕೇಳ್ತಾರೆ ಸಾರ್’ ಅಂದರು. ಗದ್ದಲ ನನಗೆ ಒಂಚೂರೂ ಆಗಿಬರುವುದಿಲ್ಲ. ಗುಂಪು ಕಟ್ಟಿಕೊಂಡು ಮಜಾ ಮಾಡೋಕೆ ಹೋಗುವವರು ಇಲ್ಲಿಂದ ಮುಂದಿನ ನನ್ನ ಸಲಹೆಗಳನ್ನು ಬಿಟ್ಟುಬಿಡಬಹುದು. ನೀವು ಪ್ರಾಣಿ ಕಲಿಯೋಕೆ ಹೋಗುವವರಾದರೆ, ರೂಮ್ ಬುಕ್ ಮಾಡುವ ಮುಂಚೆ ಫೋನ್ ಮಾಡಿ ಎರಡು ಪ್ರಶ್ನೆ ಕೇಳಿ. ರಾತ್ರಿ ಮ್ಯೂಸಿಕ್ ಇರುತ್ತಾ? ಜೊತೆಗೆ ಬರುವವರು ಕಡವೆಯ ಕೂಗನ್ನೂ ಕಾಡುಕುರಿಯ (ಬೊಗಳುವ ಜಿಂಕೆ) ಕೂಗನ್ನೂ ಬೇರೆ ಮಾಡಿ ಹೇಳಬಲ್ಲರಾ? ಎರಡನೆಯದಕ್ಕೆ ತಡವರಿಸಿದರೆ ಬೇಡವೇ ಬೇಡ.

ಮಾರನೇ ದಿನವೇ ರೂಮ್ ಬಿಟ್ಟು ಗುಂಡ್ಲುಪೇಟೆಗೆ ಬಂದು ಸಾದಾ ಲಾಡ್ಜಿನಲ್ಲಿ ಉಳಿದೆವು. ಕಲಿತದ್ದೆಲ್ಲ ಅಲ್ಲಿಂದಾಚೆಗೆ.

ಲಾಡ್ಜಿನ ಹಿಂದಿನ ಬೀದಿಯಲ್ಲಿ ಒಂದು ಮೆಸ್ ಇದೆ. ಬೋರ್ಡಿಲ್ಲ, ನಾಲ್ಕು ಟೇಬಲ್ ಅಷ್ಟೇ. ಊಟಕ್ಕೆ 70 ರೂಪಾಯಿ. ಬಿಸಿ ರಾಗಿಮುದ್ದೆ, ಹುರುಳಿಕಾಳಿನ ಬಸ್ಸಾರು, ಅದೇ ಕಾಳಿನ ಪಲ್ಯ, ಆಮೇಲೆ ಅನ್ನ, ನೀರುಮಜ್ಜಿಗೆ. ಬಸ್ಸಾರಿನಲ್ಲಿ ಸುಟ್ಟ ಬೆಳ್ಳುಳ್ಳಿಯ ಘಮ. ಮುದ್ದೆ ಎಷ್ಟು ನಯವಾಗಿತ್ತೆಂದರೆ ಗಂಟು ಅನ್ನೋದು ಹುಡುಕಿದರೂ ಸಿಗಲ್ಲ. ಬಡಿಸುವ ಅಮ್ಮ, ‘ಇನ್ನೊಂದರ್ಧ ಹಾಕ್ಲಾ ಮಗಾ, ಕಾಡು ತಿರುಗೋರು ಹಿಂಗೆ ತಿಂದ್ರೆ ಆಯ್ತದಾ’ ಅಂತ ಕೇಳದೇ ಹಾಕಿಬಿಡುತ್ತಿದ್ದರು. ಮಧ್ಯಾಹ್ನ ಒಂದೂವರೆ ಒಳಗೆ ಹೋಗಿ, ಆಮೇಲೆ ಬಸ್ಸಾರು ಖಾಲಿ. ಇರುವಷ್ಟು ದಿನವೂ ಅಲ್ಲೇ ತಿಂದೆವು. ಆ ರೆಸಾರ್ಟಿನ ಬಫೆಯಲ್ಲಿ ಇದರ ಅರ್ಧ ರುಚಿಯೂ ಇರಲಿಲ್ಲ.

ಅಲ್ಲಿ ಪಕ್ಕದ ಟೇಬಲ್ಲಿಗೆ ಊಟಕ್ಕೆ ಬರುತ್ತಿದ್ದ ಹಿರಿಯರೊಬ್ಬರು ಹಿಂದೆ ಕಾಡಿನಲ್ಲಿ ವಾಚರ್ ಆಗಿದ್ದವರು. ಹೆಜ್ಜೆ ಗುರುತಿನ ಮಾತು ಬಂದಾಗ ಟೇಬಲ್ ಮೇಲೆ ನೀರಿನಲ್ಲಿ ಬೆರಳದ್ದಿ ಬರೆದು ತೋರಿಸಿದರು. ‘ನೋಡಣ್ಣ, ಉಗುರು ಮೂಡಿದ್ರೆ ನಾಯಿ ಕಡೇದು. ಮೂಡದಿದ್ರೆ ಹುಲಿ, ಚಿರತೆ. ಆದ್ರೆ ಕಿರುಬನ್ನ ನಂಬಬ್ಯಾಡ.’ ಮಾತು ನೂರಕ್ಕೆ ನೂರು ನಿಜ. ಕತ್ತೆಕಿರುಬ ನೋಡೋಕೆ ನಾಯಿಯಂತೆ, ಉಗುರೂ ನೆಲದಲ್ಲಿ ಮೂಡುತ್ತದೆ. ಬಳಗದಲ್ಲಿ ಮಾತ್ರ ಅದು ಬೆಕ್ಕಿನ ಕಡೆಯದು. ಮಾಂಸಾಹಾರಿಗಳ ಮರಕ್ಕೆ ಎರಡು ದೊಡ್ಡ ಕೊಂಬೆ: ಒಂದರಲ್ಲಿ ಹುಲಿ, ಚಿರತೆ, ಪುನುಗು, ಮುಂಗುಸಿ, ಕಿರುಬ, ಇನ್ನೊಂದರಲ್ಲಿ ಸೀಳುನಾಯಿ, ನರಿ, ಕರಡಿ, ನೀರುನಾಯಿ. ಇದೊಂದು ತಲೆಯಲ್ಲಿ ಕೂತರೆ ಅರ್ಧ ಗೊಂದಲ ಹೋಗುತ್ತದೆ. ಕಿರುಬದ ಹಿಕ್ಕೆ ಒಣಗಿದರೆ ಸುಣ್ಣದಂತೆ ಬೆಳ್ಳಗಾಗುತ್ತದೆ ಅಂತಲೂ ಅವರು ಹೇಳಿದರು. ಮೂಳೆಯನ್ನೇ ಅಗಿದು ತಿನ್ನುವ ಪ್ರಾಣಿ ಅಲ್ವಾ, ಅದಕ್ಕೆ. ಹಿಂದೆ ಹುಲಿಯನ್ನೂ ಹೆಜ್ಜೆ ನೋಡಿಯೇ ಎಣಿಸುತ್ತಿದ್ದರು. ಈಗ ಮರಕ್ಕೆ ಕಟ್ಟಿದ ಕ್ಯಾಮೆರಾ ಹುಲಿಯ ಪಟ್ಟೆ ನೋಡಿ ಲೆಕ್ಕ ಕೊಡುತ್ತದೆ. ಒಂದರ ಪಟ್ಟೆ ಇನ್ನೊಂದಕ್ಕಿಲ್ಲ. ಒಂದೇ ಹುಲಿಯ ಎಡ ಪಕ್ಕೆ, ಬಲ ಪಕ್ಕೆಯೂ ಬೇರೆ ಬೇರೆ. 2022ರ ಅಂದಾಜಿನಲ್ಲಿ ಕರ್ನಾಟಕಕ್ಕೆ 563 ಹುಲಿ ಅಂದದ್ದು ಈ ರೀತಿಯ ಲೆಕ್ಕದಿಂದ.

ಸಫಾರಿ ಹೊರಡುವುದು ಮೇಲುಕಾಮನಹಳ್ಳಿಯಿಂದ. ಶನಿವಾರ, ಭಾನುವಾರ ಬೇಡ. ‘ಹುಲಿ ಎಲ್ಲಿ, ಹುಲಿ ಎಲ್ಲಿ’ ಅನ್ನುವವರ ನಡುವೆ ಕೂತರೆ ಬೇರೆ ಪ್ರಾಣಿಯ ಹತ್ತಿರ ಗಾಡಿ ನಿಲ್ಲಿಸಿ ಅನ್ನೋಕೂ ಸಂಕೋಚ. ವಾರದ ಮಧ್ಯೆ ಹೋಗಿ, ಹತ್ತುವ ಮುಂಚೆಯೇ ಡ್ರೈವರ್‌ಗೆ ‘ಜಿಂಕೆ, ಕಾಟಿ ಕಂಡರೂ ಸ್ವಲ್ಪ ನಿಲ್ಲಿಸಿ ಅಣ್ಣ’ ಅಂತ ಹೇಳಿಬಿಡಿ. ನಮಗೆ ಹಾಗೆ ನಿಂತಿದ್ದಕ್ಕೇ ಕೆರೆ ದಂಡೆಯಲ್ಲಿ ಸೀಳುನಾಯಿಗಳ ಗುಂಪು ಕಂಡಿದ್ದು. ಇಟ್ಟಿಗೆ ಬಣ್ಣದ ಮೈ, ದುಂಡು ಕಿವಿ, ಪೊದೆಯಂಥ ಕಪ್ಪು ಬಾಲ. ಬೊಗಳುವ ಬದಲು ಶಿಳ್ಳೆ ಹಾಕಿ ಒಂದನ್ನೊಂದು ಕರೆಯುತ್ತವೆ. ಪಕ್ಕದ ಗಾಡಿಯಲ್ಲಿ ಯಾರೋ ನರಿ ಅಂದರು. ನರಿ ಇಷ್ಟು ಕೆಂಪಗಿರುವುದಿಲ್ಲ, ಮೈಮೇಲೆ ಕಂದು ಬೂದು ಬೆರೆತಿರುತ್ತದೆ. ಇಷ್ಟು ದೊಡ್ಡ ಗುಂಪು ಕಟ್ಟಿಕೊಂಡು ಬೇಟೆಗೂ ಹೋಗುವುದಿಲ್ಲ.

ಗೊರಸಿನ ಪ್ರಾಣಿಗಳಲ್ಲಿ ಮೊದಲು ಕೊಂಬು ನೋಡಿ. ಜಿಂಕೆ, ಕಡವೆ, ಕಾಡುಕುರಿಯ ಗಂಡಿಗೆ ಮಾತ್ರ ಕೊಂಬು. ಅದು ಕವಲೊಡೆಯುತ್ತದೆ, ಉದುರಿ ಮತ್ತೆ ಬೆಳೆಯುತ್ತದೆ. ಆದ್ದರಿಂದ ಬೋಳು ತಲೆ ಕಂಡ ಮಾತ್ರಕ್ಕೆ ಹೆಣ್ಣು ಅಂತ ಬರೆದುಕೊಳ್ಳಬೇಡಿ. ಕಾಟಿ ದನದ ಬಳಗದ್ದು. ಗಂಡು, ಹೆಣ್ಣು ಎರಡಕ್ಕೂ ಕೊಂಬಿದೆ, ಅದು ಉದುರುವುದಿಲ್ಲ. ಮೊಣಕಾಲಿನಿಂದ ಕೆಳಗೆ ಬಿಳಿ, ಅದನ್ನು ಎಷ್ಟು ದೂರದಿಂದಲೂ ಗುರುತಿಸಬಹುದು. ಕಾಡುಕುರಿ ಮತ್ತು ಕೊಂಡುಕುರಿ ಜನ ಜಾಸ್ತಿ ತಪ್ಪುವ ಜೋಡಿ. ಕಾಡುಕುರಿ ಕೆಂಪಗೆ, ಬೆನ್ನು ಸ್ವಲ್ಪ ಬಾಗಿದೆ, ಹಣೆಯ ಮೇಲೆ ಎರಡು ಕಪ್ಪು ಗೆರೆ. ಕೊಂಡುಕುರಿಗೆ ಆ ಗೆರೆಯಿಲ್ಲ. ಬದಲಿಗೆ ಕಾಲಿನ ಮುಂಭಾಗದಲ್ಲಿ ಕಪ್ಪು ಪಟ್ಟಿ. ಗಂಡಿಗೆ ನಾಲ್ಕು ಕೊಂಬು, ಮುಂದಿನ ಎರಡು ತೀರಾ ಗಿಡ್ಡ.

ಸಫಾರಿಗಿಂತ ನನಗೆ ಇಷ್ಟವಾಗಿದ್ದು ಮೈಸೂರಿನಿಂದ ಊಟಿಗೆ ಹೋಗುವ ಸರ್ಕಾರಿ ಬಸ್ಸು. ರಸ್ತೆ ರಾತ್ರಿ ಒಂಬತ್ತಕ್ಕೆ ಮುಚ್ಚಿ ಬೆಳಿಗ್ಗೆ ಆರಕ್ಕೆ ತೆರೆಯುತ್ತದೆ. ಅದಾದ ಮೇಲಿನ ಮೊದಲ ಬಸ್ಸುಗಳಲ್ಲಿ ಕಿಟಕಿ ಪಕ್ಕ ಕೂತುಬಿಡಿ. ಎತ್ತರದ ಸೀಟು, ಕಡಿಮೆ ಟಿಕೆಟ್ಟು, ಯಾರೂ ಕಿರುಚುವುದಿಲ್ಲ. ಮುಸಿಯಗಳ ಹಿಂಡು, ಜಿಂಕೆ, ಆನೆ ಎಲ್ಲ ಹೀಗೇ ಕಂಡವು. ದಂತವಿಲ್ಲದ ಆನೆಯೆಲ್ಲ ಹೆಣ್ಣಲ್ಲ, ಮಖ್ನಾ ಗಂಡಿಗೂ ದಂತ ಇರುವುದಿಲ್ಲ. ಸ್ವಂತ ಕಾರಿನಲ್ಲಿ ಹೋದರೆ ನಡುವೆ ನಿಲ್ಲಿಸುವಂತಿಲ್ಲ, ನೆನಪಿರಲಿ.

ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ ಖಾಸಗಿ ವಾಹನ ಬಿಡುವುದಿಲ್ಲ, ಕೆಳಗಿನಿಂದ ಸರ್ಕಾರಿ ಬಸ್ಸಿದೆ. ರಜೆಯಲ್ಲಿ ಕ್ಯೂ ಉದ್ದ, ಹೋಗಬೇಡಿ. ಮೈಸೂರು ಮೃಗಾಲಯಕ್ಕೆ ಮಾತ್ರ ಮೊದಲೇ ಹೋಗಿ, ಮಂಗಳವಾರ ಬಿಟ್ಟು. ಪ್ರಾಣಿಗಳ ಅಳತೆಯ ಅಂದಾಜು ಅಲ್ಲಿ ಸಿಕ್ಕಿಬಿಡುತ್ತದೆ. ಕಾಡಿನಲ್ಲಿ ದೂರದಿಂದ ನೋಡುವಾಗ ಅದು ತುಂಬಾ ಸಹಾಯ.

ಕ್ಯಾಮೆರಾಗಿಂತ ಒಂದು 8x42 ದುರ್ಬೀನು ತೆಗೆದುಕೊಂಡು ಹೋಗಿ. ಫೋಟೋ ತೆಗೆಯುವುದಾದರೆ ಮುಖದ ಜೊತೆ ಬಾಲ, ಕಾಲೂ ಬರಲಿ. ಮಳೆಗಾಲದಲ್ಲಿ ಲಂಟಾನ ಪೊದೆ ದಟ್ಟವಾಗಿ ಬೆಳೆದು ಸಣ್ಣ ಪ್ರಾಣಿ ಕಾಣುವುದೇ ಕಷ್ಟ. ಬೇಸಿಗೆಯಲ್ಲಿ ಎಲೆ ಉದುರಿ ಕೆರೆಗಳ ಹತ್ತಿರ ಚೆನ್ನಾಗಿ ಕಾಣುತ್ತದೆ. ಆದರೆ ಫೆಬ್ರುವರಿ, ಮಾರ್ಚ್ ಕಾಡ್ಗಿಚ್ಚಿನ ಕಾಲ. 2019ರ ಫೆಬ್ರುವರಿಯಲ್ಲಿ ಬಂಡೀಪುರ ಹೊತ್ತಿ ಉರಿದಿತ್ತು. ಸಫಾರಿ ನಡೆಯುತ್ತಿದೆಯಾ ಅಂತ ಹೊರಡುವ ಹಿಂದಿನ ದಿನ ಫೋನ್ ಮಾಡಿ ಕೇಳಿಕೊಂಡೇ ಬಸ್ಸು ಹತ್ತಿ.