ಸತ್ತವರ ಮನೆಯ ಮಹಜರು ಹಿಡಿದು ಟಾಲಿನ್ ಸುತ್ತು

ಹೆಲ್ಸಿಂಕಿಯಿಂದ ಹೊರಟ ಹಡಗು ಎರಡೇ ಗಂಟೆಯಲ್ಲಿ ಎಸ್ಟೋನಿಯಾದ ಟಾಲಿನ್ ಮುಟ್ಟಿಸುತ್ತದೆ. ಬಂದರಿನಿಂದ ಹಳೆ ಊರಿಗೆ ನಡೆದೇ ಹೋಗಬಹುದು. ಹೆಚ್ಚಿನವರು ನೇರವಾಗಿ ತೂಂಪಿಯಾ ಗುಡ್ಡ ಹತ್ತಿ, ಕೆಂಪು ಹೆಂಚಿನ ಮಾಡುಗಳ ಫೋಟೋ ತೆಗೆದು ಇಳಿದುಬಿಡುತ್ತಾರೆ. ಹಾಗೆ ಮಾಡಿದರೆ ಮಾಡು ಕಂಡೀತೇ ಹೊರತು ಮನೆ ಕಾಣುವುದಿಲ್ಲ. ದಪ್ಪ ಮಾರ್ಗರೇಟ್ ಎಂಬ ಗುಂಡು ಬುರುಜಿನ ಪಕ್ಕದ ಬಾಗಿಲಿನಿಂದ ಪಿಕ್ ಬೀದಿಗೆ ಹೊಕ್ಕುವುದೇ ಸರಿಯಾದ ದಾರಿ. ಪಿಕ್ ಎಂದರೆ ಉದ್ದ.

ಬಾಗಿಲು ದಾಟಿದ ಕೂಡಲೇ, 71ನೇ ನಂಬರಿನಲ್ಲಿ 'ಮೂವರು ಸೋದರಿಯರು' ಎಂಬ, ಒಂದಕ್ಕೊಂದು ಅಂಟಿಕೊಂಡ ವರ್ತಕರ ಮನೆಗಳಿವೆ, 15ನೇ ಶತಮಾನದವು. ತಲೆ ಎತ್ತಿ ನೋಡಿ: ಮೇಲಿನ ಅಂತಸ್ತುಗಳಲ್ಲಿರುವುದು ಬರೀ ಕಿಟಕಿಗಳಲ್ಲ, ಸರಕು ಒಳಗೆಳೆದುಕೊಳ್ಳುವ ಬಾಗಿಲುಗಳೂ ಇವೆ. ರಾಟೆಗೆ ಹಗ್ಗ ಹಾಕಿ ಮೂಟೆಗಳನ್ನು ಅಟ್ಟಕ್ಕೆ ಏರಿಸುತ್ತಿದ್ದರು. ಇಂಥ ಮನೆಗಳಲ್ಲಿ ಬೀದಿಯ ಕಡೆಗೆ ವ್ಯಾಪಾರದ ದೊಡ್ಡ ಪಡಸಾಲೆ, ಅದರ ಹಿಂದೆ ಬೆಚ್ಚಗಿನ ವಾಸದ ಕೋಣೆ. ಮನೆಯ ಬಹುಪಾಲು ಗೋದಾಮೇ.

ಆ ಕೋಣೆಯೊಳಗೆ ಏನೇನಿತ್ತು? ಇದನ್ನು ಜೀವಮಾನದ ಪ್ರಶ್ನೆಯಾಗಿಸಿಕೊಂಡವರು ನಗರ ಇತಿಹಾಸಕಾರ ರೈಮೊ ಪುಲ್ಲತ್. 1935ರಲ್ಲಿ ಇದೇ ಊರಿನಲ್ಲಿ ಹುಟ್ಟಿದವರು. ಮೊದಲು ಎಸ್ಟೋನಿಯಾದ ಪಟ್ಟಣಗಳ ಜನಸಂಖ್ಯೆಯನ್ನು ಲೆಕ್ಕ ಹಾಕಿದರು. ಆಮೇಲೆ 18ನೇ ಶತಮಾನದ ಟಾಲಿನ್ ಪಟ್ಟಣಿಗರ ಆಸ್ತಿಪಟ್ಟಿಗಳಿಗೆ ಕೈ ಹಾಕಿದರು. ಮನೆಯ ಯಜಮಾನ ಸತ್ತಾಗ ವಾರಸುದಾರರಿಗೂ ಸಾಲ ಕೊಟ್ಟವರಿಗೂ ಪಾಲು ಹಂಚಲೆಂದು ಬರೆದ ಮಹಜರುಗಳಿವು: ಬೆಳ್ಳಿ, ತವರದ ತಟ್ಟೆ, ಹಾಸಿಗೆ, ಬಟ್ಟೆ, ಪುಸ್ತಕ, ಬರಬೇಕಾದ ಬಾಕಿ. ಅರಸರ ಚರಿತ್ರೆಯಲ್ಲಿ ಸಿಗದ ಊರು ಈ ಪಟ್ಟಿಗಳಲ್ಲಿ ಸಿಗುತ್ತದೆ. ಒಂದು ಎಚ್ಚರ ಮಾತ್ರ ಬೇಕು: ಬೆಲೆಯಿಲ್ಲದ್ದನ್ನು ಯಾರೂ ಬರೆಯುತ್ತಿರಲಿಲ್ಲ, ಆಸ್ತಿಯೇ ಇಲ್ಲದವನಿಗೆ ಪಟ್ಟಿಯೂ ಇಲ್ಲ. 1710ರ ಪ್ಲೇಗು ಊರಿನ ಬಹುಪಾಲು ಜನರನ್ನು ನುಂಗಿತು. ಅವರಲ್ಲಿ ಎಷ್ಟೋ ಬಡವರು ಕಾಗದದ ಮೇಲೂ ಉಳಿಯಲಿಲ್ಲ.

ಸೋದರಿಯರ ಮಗ್ಗುಲಿಗೇ ತಿರುಗುವ ತೊಲ್ಲಿ ಬೀದಿಯಲ್ಲಿ ನಗರ ದಾಖಲೆಗಳ ಭಂಡಾರವಿದೆ. 1944ರಲ್ಲಿ ಜರ್ಮನ್ನರು ಇಲ್ಲಿನ ಮಧ್ಯಯುಗದ ಕಡತಗಳ ದೊಡ್ಡ ಪಾಲನ್ನು ಸಾಗಿಸಿದರು. ಅವು ಊರಿಗೆ ಮರಳಿದ್ದು 1990ರಲ್ಲಿ.

ಅಲ್ಲಿಂದ ಪಿಕ್ ಬೀದಿಯಲ್ಲೇ ಮುಂದೆ ನಡೆದರೆ 17ನೇ ನಂಬರು, ವರ್ತಕರ ಮಹಾಸಂಘದ 1410ರ ಕಟ್ಟಡ. ಈಗ ಇತಿಹಾಸ ವಸ್ತುಸಂಗ್ರಹಾಲಯವಾದ್ದರಿಂದ ಟಿಕೆಟು ತೆಗೆದು ಒಳಗೆ ಹೋಗಬಹುದು. ಹಳೆ ಮನೆಗಳು ಬಹುತೇಕ ಹೋಟೆಲೋ ಕಚೇರಿಯೋ ಆಗಿರುವುದರಿಂದ ಈ ಅವಕಾಶ ಬಿಡಬೇಡಿ. ಉರುಟು ಕಲ್ಲುಹಾಸು ಮಳೆಗೂ ಹಿಮಕ್ಕೂ ಜಾರುತ್ತದೆ. ತೆಳು ಅಟ್ಟೆಯ ಚಪ್ಪಲಿ ಬೇಡ. ಡಿಸೆಂಬರಿನಲ್ಲಿ ಹಗಲು ಆರು ಗಂಟೆಯಷ್ಟೇ, ಬೆಳಿಗ್ಗೆಯೇ ಹೊರಡಿ.

ಕೊನೆಗೆ ಹರ್ಯು ಬೀದಿ. 1944ರ ಮಾರ್ಚ್ 9ರ ರಾತ್ರಿ ಸೋವಿಯತ್ ಬಾಂಬುಗಳು ಇದರ ಒಂದು ಬದಿಯ ಮನೆಗಳನ್ನು ಅಳಿಸಿಹಾಕಿದವು. ಆ ಸಾಲು ಮತ್ತೆ ಏಳಲಿಲ್ಲ. ಅಲ್ಲೀಗ ಉದ್ಯಾನವಿದೆ, ಚಳಿಗಾಲದಲ್ಲಿ ಪಕ್ಕದಲ್ಲೇ ಮಕ್ಕಳು ಮಂಜುಗಡ್ಡೆಯ ಮೇಲೆ ಸ್ಕೇಟಿಂಗ್ ಆಡುತ್ತಾರೆ.